ಸುನೌಲಿ ಗಡಿಯಲ್ಲಿ ಬೈಕಿನ ಭನ್ಸಾರ್: ಏಜೆಂಟ್ ಬೇಕಾ, ಬೇಡ್ವಾ?

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಉತ್ತರ ಪ್ರದೇಶದಿಂದ ನೇಪಾಳಕ್ಕೆ ದಾಟುವ ಸುನೌಲಿ ಗಡಿಯಲ್ಲಿ ಕಾಗದ ಮಾಡಿಸಿಕೊಡೋ ಏಜೆಂಟ್ ಸೇವೆಗೆ ಐದಕ್ಕೆ ಎರಡು, ನೇಪಾಳದ ಭನ್ಸಾರ್ ಕೌಂಟರಿಗೆ ಐದಕ್ಕೆ ನಾಲ್ಕು. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ನೋಡಿಕೊಂಡು ಹೊರಡಬಹುದು.

ಭನ್ಸಾರ್ ಅಂದರೆ ಅಲ್ಲಿನ ಕಸ್ಟಮ್ಸ್. ನಮ್ಮ ನಂಬರಿನ ಬೈಕು ನೇಪಾಳದ ಒಳಗೆ ಓಡಾಡಬೇಕಾದರೆ ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ ಒಂದು ಚೀಟಿ ತೆಗೆದುಕೊಳ್ಳಬೇಕು. ಭಾರತದ ಗಾಡಿಗೆ ಕಾರ್ನೆಟ್ (ಗಾಡಿಯನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯೋಕೆ ಬೇಕಾಗುವ ಕಸ್ಟಮ್ಸ್ ಪತ್ರ) ಬೇಡ, ಬ್ಯಾಂಕ್ ಗ್ಯಾರಂಟಿ ಬೇಡ, ನಮಗೆ ವೀಸಾನೂ ಬೇಡ. ಒಂದು ಗಾಡಿಗೆ ವರ್ಷಕ್ಕೆ ಒಟ್ಟು 30 ದಿನ ಮಿತಿ. ಭೂತಾನ್ ಬೇರೆ ಕಥೆ, ಅಲ್ಲಿ ನಮ್ಮವರಿಗೆ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಪ್ರವಾಸಿ ಶುಲ್ಕ, ಅಂದರೆ ಎಸ್‌ಡಿಎಫ್ ಇದೆ. ಅದಕ್ಕೆ ಹೋಲಿಸಿದರೆ ನೇಪಾಳ ತುಂಬಾ ಸಲೀಸು.

ನಾವು ಬೈಕುಗಳನ್ನು ಯಶವಂತಪುರದಲ್ಲಿ ರೈಲಿಗೆ ಪಾರ್ಸೆಲ್ ಹಾಕಿ ಗೋರಖ್‌ಪುರದಲ್ಲಿ ಇಳಿಸಿಕೊಂಡೆವು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕೊಡಬೇಕು, ಇಳಿಸಿದ ಮೇಲೆ ಮೊದಲು ಬಾಟಲಿ ಹಿಡಿದು ಪೆಟ್ರೋಲ್ ಹುಡುಕುವುದೇ ಕೆಲಸ. ಅಲ್ಲಿಂದ ಸುನೌಲಿ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಗಡಿ ಹತ್ತಿರ ಬಂತು ಅಂತ ಬೋರ್ಡ್ ನೋಡಿ ತಿಳಿಯಬೇಕಾಗಿಲ್ಲ, ರಸ್ತೆ ಪಕ್ಕ ಮುಗಿಯದ ಲಾರಿ ಸಾಲು ಶುರುವಾದರೆ ಬಂತು ಅಂತಲೇ ಅರ್ಥ. ಬೈಕಿನವರು ಆ ಸಾಲಲ್ಲಿ ನಿಲ್ಲಬೇಕಾಗಿಲ್ಲ, ಪಕ್ಕದಲ್ಲಿ ಮುಂದೆ ಹೋಗಿ.

ಕೆಎ ನಂಬರ್ ಪ್ಲೇಟ್ ಕಂಡ ತಕ್ಷಣ ಏಜೆಂಟರು ಮುತ್ತಿಕೊಳ್ಳುತ್ತಾರೆ. ಭನ್ಸಾರ್, ಭನ್ಸಾರ್, ಐದೇ ನಿಮಿಷ, ಭಯ್ಯಾ! ನಮ್ಮ ಜೊತೆ ಬಂದಿದ್ದ ಹುಬ್ಬಳ್ಳಿಯ ಗೆಳೆಯನಿಗೆ ಸಾಲಲ್ಲಿ ನಿಲ್ಲೋದು ಅಂದರೆ ಆಗಲ್ಲ, ಅವನು ಒಬ್ಬ ಏಜೆಂಟ್ ಕೈಗೆ ಕಾಗದ ಕೊಟ್ಟು ಚಹಾ ಕುಡಿಯೋಕೆ ಕೂತ. ನಾನು ನನ್ನ ಕಾಗದ ಹಿಡಿದು ಆ ಕಡೆಯ ಬೇಲಹಿಯಾ ಕೌಂಟರಿಗೆ ಹೋದೆ. ಹಾಗಾಗಿ ಎರಡೂ ಪಕ್ಕಪಕ್ಕದಲ್ಲೇ ನೋಡೋಕೆ ಸಿಕ್ಕಿತು.

ಕೌಂಟರಲ್ಲಿ ಕೇಳಿದ್ದು ಆರ್‌ಸಿ, ಡಿಎಲ್, ಗುರುತಿನ ಚೀಟಿ, ಇವುಗಳ ಜೆರಾಕ್ಸ್. ಫಾರಂ ತುಂಬಿದೆ, ಎಷ್ಟು ದಿನ ಅಂತ ಕೇಳಿದರು, ಕಂಪ್ಯೂಟರಿಗೆ ಹಾಕಿದರು, ದುಡ್ಡು ಕಟ್ಟಿದೆ, ಚೀಟಿ ಬಂತು. ಕೂತಿದ್ದವರು ಹಿಂದಿಯಲ್ಲಿ ಸಮಾಧಾನವಾಗಿ ಮಾತಾಡಿದರು. ಒಂದು ಅಂಕ ಯಾಕೆ ಕಡಿಮೆ ಅಂದರೆ, ಮೊದಲ ಸಲ ಬಂದವರಿಗೆ ಯಾವ ಕಿಟಕಿಗೆ ಮೊದಲು ಹೋಗಬೇಕು ಅನ್ನೋದು ಅಲ್ಲಿದ್ದವರನ್ನು ಕೇಳಿಯೇ ತಿಳಿಯಬೇಕು. ಏಜೆಂಟರ ಹೊಟ್ಟೆ ತುಂಬೋದು ಇದೇ ಗೊಂದಲದಿಂದ.

ಈಗ ಗೆಳೆಯನ ಕಡೆ. ಕೆಲಸ ಬೇಗ ಆಯಿತು, ಸುಳ್ಳು ಹೇಳಲ್ಲ. ಆದರೆ ಗಡಿಯಲ್ಲಿ ಎರಡು ದುಡ್ಡು ಓಡುತ್ತದೆ. ಐ.ಸಿ. ಅಂದರೆ ನಮ್ಮ ರೂಪಾಯಿ, ಎನ್.ಸಿ. ಅಂದರೆ ನೇಪಾಳದ್ದು. ನಮ್ಮ ಒಂದು ರೂಪಾಯಿಗೆ ಅವರ 1.60, ಈ ದರ ಎಷ್ಟೋ ವರ್ಷದಿಂದ ಬದಲಾಗಿಲ್ಲ. ಏಜೆಂಟ್ ಸುಮ್ನೆ ಒಂದು ಮೊತ್ತ ಹೇಳುತ್ತಾನೆ, ಯಾವ ದುಡ್ಡು ಅಂತ ಹೇಳಲ್ಲ. ರಸೀದಿಯಲ್ಲಿರೋದು ಎನ್.ಸಿ., ಅವನು ಎಣಿಸಿಕೊಳ್ಳೋದು ಐ.ಸಿ. ಅವರ 500 ಅಂದರೆ ನಮ್ಮ 312 ರೂಪಾಯಿ ಚಿಲ್ಲರೆ, ಆ ವ್ಯತ್ಯಾಸ ಸೀದಾ ಅವನ ಜೇಬಿಗೆ, ಅದರ ಮೇಲೆ ಕಮಿಷನ್ ಬೇರೆ. ಗೆಳೆಯ ಕೊಟ್ಟ ದುಡ್ಡಿನ ಅರ್ಧವೂ ಅವನ ರಸೀದಿಯಲ್ಲಿ ಇರಲಿಲ್ಲ.

ದುಡ್ಡು ಹೋಗಲಿ ಬಿಡಿ. ಬುಟ್ವಲ್ ದಾಟಿ ಪೋಖರಾ ಕಡೆ ಘಾಟಿ ಹತ್ತುವಾಗ ಪೊಲೀಸರು ತಡೆದು ಚೀಟಿ ಕೇಳಿದರು. ಗೆಳೆಯನ ಚೀಟಿಯಲ್ಲಿ ಬೈಕಿನ ನಂಬರಿನ ಒಂದು ಅಂಕಿ ತಪ್ಪು! ಏಜೆಂಟ್ ಫಾರಂನಲ್ಲಿ ಏನು ಬರೆದುಕೊಟ್ಟನೋ ಅದೇ ಪ್ರಿಂಟ್ ಆಗಿತ್ತು. ಪಾಪ, ಪೊಲೀಸಪ್ಪ ಆರ್‌ಸಿ ಪಕ್ಕದಲ್ಲಿಟ್ಟು ನೋಡಿ, ಇಂಜಿನ್ ನಂಬರ್ ನೋಡಿ, ಯಾರಿಗೋ ಫೋನ್ ಮಾಡಿ, ಕೊನೆಗೆ ಬಿಟ್ಟರು. ಅಷ್ಟು ಹೊತ್ತು ಬಿಸಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದಕ್ಕೆ ಏಜೆಂಟ್ ವಾಪಸ್ ಕೊಡೋದು ಏನೂ ಇಲ್ಲ, ಅವನ ಫೋನೂ ಸ್ವಿಚ್ ಆಫ್. ಹಾಗಾಗಿ ಚೀಟಿ ಯಾರೇ ಮಾಡಿಸಿರಲಿ, ಕೌಂಟರ್ ಬಿಡೋ ಮುಂಚೆ ನಂಬರ್, ಹೆಸರು, ಕೊನೆಯ ದಿನ, ಮೂರನ್ನೂ ಓದಿ.

ಕೊನೆಯ ದಿನದ ಬಗ್ಗೆ ಒಂದು ಮಾತು. ಏಜೆಂಟರು ಕಡಿಮೆ ದಿನ ಹಾಕಿಸಿ, ಅಗ್ಗ ಅಂತ ತೋರಿಸುತ್ತಾರೆ. ಹಾಗೆ ಮಾಡಬೇಡಿ, ಒಂದೆರಡು ದಿನ ಜಾಸ್ತಿಯೇ ತೆಗೆದುಕೊಳ್ಳಿ. ಬುಟ್ವಲ್ ಪಕ್ಕದ ಸಿದ್ಧಬಾಬಾ ಹತ್ತಿರ ಮಳೆಗಾಲದಲ್ಲಿ ಕಲ್ಲುಮಣ್ಣು ಜರಿಯೋದು ಮಾಮೂಲು, ಅದಕ್ಕೇ ಅಲ್ಲಿ ಸುರಂಗ ಕೊರೆಯೋಕೆ ಶುರು ಮಾಡಿದ್ದು. ರಸ್ತೆ ಮುಚ್ಚಿ ಚೀಟಿ ದಿನ ಮೀರಿದರೆ ದಂಡ ಬೀಳೋದು ನಿಮಗೆ, ಮಳೆಗಲ್ಲ.

ಹಾಗಾದರೆ ಏಜೆಂಟ್ ಯಾರಿಗೂ ಬೇಡ್ವಾ? ಹಿಂದಿ, ಇಂಗ್ಲಿಷ್ ಎರಡೂ ಬಾರದವರಿಗೆ, ಮಕ್ಕಳು ವಯಸ್ಸಾದವರ ಜೊತೆ ಕಾರಲ್ಲಿ ಬಂದು ಸೆಖೆಯಲ್ಲಿ ಬೆಂದುಹೋಗಿರೋರಿಗೆ ಉಪಯೋಗ ಇದೆ. ಆ ಎರಡು ಅಂಕ ಅದಕ್ಕೇ. ಆದರೆ ಎನ್.ಸಿ.ನಾ ಐ.ಸಿ.ನಾ ಅಂತ ಮೊದಲೇ ಕೇಳಿ, ಜೊತೆಯಲ್ಲೇ ನಿಲ್ಲಿ, ಒರಿಜಿನಲ್ ಆರ್‌ಸಿ ಕೈಬಿಟ್ಟು ಕೊಡಬೇಡಿ. ಬೈಕು ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಮಾಲೀಕರಿಂದ ಒಪ್ಪಿಗೆ ಪತ್ರ ಬರೆಸಿಕೊಂಡೇ ಊರು ಬಿಡಿ, ಅದನ್ನು ಯಾವ ಏಜೆಂಟೂ ಹುಟ್ಟಿಸಿ ಕೊಡಲ್ಲ. ಆಧಾರ್ ಒಂದನ್ನೇ ನಂಬಿಕೊಂಡೂ ಹೋಗಬೇಡಿ, ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಇರಲಿ. ಅಮೆರಿಕದಿಂದ ಬಂದು ಸೇರಿಕೊಳ್ಳೋ ಕಸಿನ್ ಓಸಿಐ ಕಾರ್ಡ್ (ವಿದೇಶಿ ಪೌರತ್ವ ಇರೋ ಭಾರತ ಮೂಲದವರ ಕಾರ್ಡ್) ತೋರಿಸಿದರೆ ನಡೆಯಲ್ಲ, ಅವರಿಗೆ ವೀಸಾ ಬೇಕು. ಇನ್ಶೂರೆನ್ಸ್‌ನವರಿಗೂ ಹೊರಡೋ ಮುಂಚೆ ಫೋನ್ ಮಾಡಿ ಪಾಲಿಸಿಗೆ ನೇಪಾಳ ಸೇರಿಸಿಕೊಳ್ಳಿ. ಮಾಮೂಲಿ ಪಾಲಿಸಿ ಗಡಿಯಲ್ಲೇ ನಿಲ್ಲುತ್ತದೆ.

ಜೇಬಲ್ಲಿ ನೂರರ ನೋಟು ಜಾಸ್ತಿ ಇಟ್ಟುಕೊಳ್ಳಿ, ಅದನ್ನು ಬೇಡ ಅನ್ನೋರು ನಮಗೆ ಸಿಗಲಿಲ್ಲ. 2024ರಿಂದ ಫೋನೆಪೇ (ನಮ್ಮ ಫೋನ್‌ಪೇ ಅಲ್ಲ) ಅನ್ನೋ ಅಲ್ಲಿನ ಕ್ಯೂಆರ್‌ಗೆ ನಮ್ಮ ಯುಪಿಐ ಕೂಡ ನಡೆಯುತ್ತದೆ, ಪೋಖರಾದಂಥ ಊರಲ್ಲಿ ಚೆನ್ನಾಗಿ ಅನುಕೂಲ. ಗಡಿಯಾರ 15 ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಿ. ಕಠ್ಮಂಡುವಿಗೆ ಹೋಗೋದಾದರೆ ಹಾರ್ನ್ ಮರೆತುಬಿಡಿ, 2017ರಿಂದ ಅಲ್ಲಿ ಸುಮ್ನೆ ಹಾರ್ನ್ ಹೊಡೆಯೋ ಹಾಗಿಲ್ಲ. ನಮ್ಮ ಬೆಂಗಳೂರಿನವರಿಗೆ ಭನ್ಸಾರ್‌ಗಿಂತ ಇದೇ ಕಷ್ಟ.

ಇನ್ನೊಂದು. ಗೇಟ್ ದಾಟುವಾಗ ಆ ಜನಜಂಗುಳಿಯಲ್ಲಿ ಯಾರೂ ನಿಮ್ಮನ್ನು ತಡೆಯದೇ ಇರಬಹುದು. ಯಾರೂ ಕೇಳಲಿಲ್ಲ ಅಂತ ಸೀದಾ ಭೈರಹವಾ ಕಡೆ ಹೋಗಬೇಡಿ, ಚೀಟಿ ಇಲ್ಲದೆ ಒಳಗೆ ಸಿಕ್ಕಿಬಿದ್ದರೆ ಬೈಕೇ ಜಪ್ತಿ ಆಗಬಹುದು. ವಾಪಸ್ ಬರುವಾಗಲೂ ಅಷ್ಟೇ, ಚೀಟಿಯನ್ನು ಕೌಂಟರಲ್ಲಿ ತೋರಿಸಿ, ಗಾಡಿ ಹೊರಗೆ ಹೋಯಿತು ಅಂತ ಬರೆಸಿಯೇ ಈ ಕಡೆ ಬನ್ನಿ.