ಮೆಷಿನ್ ಪರವಾಗಿಲ್ಲ, ಮಕ್ಕಳಿಗಾದರೆ ತೋಳಿನ ಪಟ್ಟಿ ಬೇರೆ ತಗೊಳ್ಳಿ

ಹಾಸನದ ಬಿ.ಎಂ. ರಸ್ತೆಯ ಒಂದು ಮೆಡಿಕಲ್‌ನಲ್ಲಿ ತಗೊಂಡ ಬಿಪಿ ಮೆಷಿನ್ ಇದು. ಬಳಸಿದ್ದು ಅಜ್ಜಿಗಲ್ಲ, 9 ವರ್ಷದ ಮಗಳಿಗೆ. ಅವಳ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇತ್ತು, ಫಿಯೋಕ್ರೋಮೋಸೈಟೋಮಾ ಅಂತ ಹೆಸರು. ಅಡ್ರಿನಲಿನ್ ಥರದ ಹಾರ್ಮೋನನ್ನು ಸುರಿಸುತ್ತಾ ಬಿಪಿ ಏರಿಸುವ ಗಡ್ಡೆ.

ದೂರು ಇರುವುದು ತೋಳಿಗೆ ಸುತ್ತುವ ಪಟ್ಟಿಯ ಬಗ್ಗೆ. ಬಾಕ್ಸ್‌ನಲ್ಲಿ ಬಂದದ್ದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಆಗುವಂಥದ್ದು. ಮಗಳ ತೋಳು 18. ಅಂಗಡಿಯವರು "ಬಿಗಿಯಾಗಿ ಸುತ್ತಿ ಮೇಡಂ, ಆಗುತ್ತೆ" ಅಂದರು. ಆಗಲ್ಲ. ಪಟ್ಟಿ ದೊಡ್ಡದಾದರೆ ಬಿಪಿ ಕಡಿಮೆ ತೋರಿಸುತ್ತೆ, ಚಿಕ್ಕದಾದರೆ ಜಾಸ್ತಿ. ನಮಗೆ ಮೇಲಿನ ಅಂಕಿ 126 ಬಂತು, ಸುಮ್ನೆ ಸಮಾಧಾನ ಪಟ್ಟುಕೊಂಡೆವು. ಬೆಂಗಳೂರಲ್ಲಿ ಸರಿಯಾದ ಅಳತೆಯದ್ದು ಸುತ್ತಿದರೆ 144! ಅಸಲಿಗೆ ಅವಳ ವಯಸ್ಸಿಗೆ 126 ಕೂಡ ಜಾಸ್ತಿಯೇ. ದೊಡ್ಡವರ ಲೆಕ್ಕ ಮಕ್ಕಳಿಗೆ ನಡೆಯಲ್ಲ, ವಯಸ್ಸು, ಎತ್ತರ ನೋಡಿ ಹೇಳುತ್ತಾರೆ. 17–22ರ ಪಟ್ಟಿ ಹಾಸನದಲ್ಲಿ ನಮಗೆ ಸಿಗಲಿಲ್ಲ, ತರಿಸಿಕೊಳ್ಳಲು ನಾಲ್ಕು ದಿನ ಹಿಡಿಯಿತು.

ಆಮೇಲೆ ಮೆಷಿನ್ ಚೆನ್ನಾಗಿ ದುಡಿಯಿತು. ಆಪರೇಷನ್‌ಗೆ ಮುಂಚೆ ಎರಡು ವಾರ ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟರು, ನಮಗೆ ಪ್ರಾಜೋಸಿನ್. ಕೂತಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿ ಬರೆದಿಡಿ ಅಂದರು, ಯಾಕೆಂದರೆ ಈ ಮಾತ್ರೆಗೆ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತಬಹುದು. ನಾಡಿ ಜೋರಾಗಿದ್ದದ್ದೂ ಮೆಷಿನ್‌ನಲ್ಲೇ ಗೊತ್ತಾಯಿತು. ಅದಕ್ಕೆ ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್, ಅದೂ ಆಲ್ಫಾ ಮಾತ್ರೆ ಕೆಲಸ ಮಾಡತೊಡಗಿದ ಮೇಲೆ. ಮೊದಲೇ ಕೊಟ್ಟರೆ ಬಿಪಿ ಗಗನಕ್ಕೇರುತ್ತಂತೆ. ಜೊತೆಗೆ ನೀರು, ಉಪ್ಪು ಧಾರಾಳವಾಗಿ ಕೊಡಿ ಅಂದರು. ಬಿಪಿ ಇರುವ ಮಗುವಿಗೆ ಉಪ್ಪಾ ಅಂತ ನಮ್ಮತ್ತೆ ಉಪ್ಪಿನಕಾಯಿ ಭರಣಿಯನ್ನೇ ಬಚ್ಚಿಟ್ಟರು. ಮಾತ್ರೆಯಿಂದ ರಕ್ತನಾಳ ಸಡಿಲ ಆಗುತ್ತಲ್ಲ, ಅದನ್ನು ತುಂಬಬೇಕಲ್ಲ ಅಮ್ಮಾ ಅಂತ ಡಾಕ್ಟರೇ ಫೋನಲ್ಲಿ ಹೇಳಿದ ಮೇಲೆ ಭರಣಿ ಹೊರಗೆ ಬಂತು. (ಇದು ಈ ಗಡ್ಡೆಯ ಲೆಕ್ಕ, ಬೇರೆ ಬಿಪಿಗೆ ಹೀಗೆ ಮಾಡಬೇಡಿ.)

ಆಪರೇಷನ್ ಹೊತ್ತಲ್ಲಿ ಇದಕ್ಕೆ ಕೆಲಸ ಇಲ್ಲ. ಅಲ್ಲಿ ರಕ್ತನಾಳದೊಳಗೇ ಸಣ್ಣ ನಳಿಕೆ ಇಟ್ಟು ಕ್ಷಣಕ್ಷಣಕ್ಕೂ ನೋಡುತ್ತಾರೆ. ಗಡ್ಡೆ ಮುಟ್ಟಿದರೆ ಬಿಪಿ ಏರುತ್ತೆ, ತೆಗೆದ ಮೇಲೆ ಕುಸಿಯಬಹುದು. ಶುಗರ್ ಕೂಡ ಇಳಿಯಬಹುದು ಅಂತ ಆ ರಾತ್ರಿಯೆಲ್ಲ ಬೆರಳು ಚುಚ್ಚಿದರು, ಪಾಪ.

ಮೆಷಿನ್‌ದು ಇನ್ನೊಂದು ಕಾಟ, ಮಗು ಸ್ವಲ್ಪ ಅಲುಗಾಡಿದರೂ ಎರರ್. ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆ ಮಟ್ಟಕ್ಕೆ ಇಟ್ಟು ನೋಡಿ. ಬೀಪ್ ಸದ್ದು ನಿಲ್ಲಿಸುವ ದಾರಿಯೇ ಇಲ್ಲ, ಮಲಗಿದ ಮಗು ಎದ್ದೇ ಏಳುತ್ತೆ.

ಐದಕ್ಕೆ ಮೂರೂವರೆ. ಕಡಿದ ಒಂದೂವರೆಯಲ್ಲಿ ಒಂದು ಪಟ್ಟಿಗೆ, ಅರ್ಧ ಬೀಪ್‌ಗೆ.