ಹಾಲ್ ಗೋಡೆಗೆ ಕಡು ಬೂದು: 2021ರಿಂದ ಬಳಸಿದ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಮೂರು ಕಡು ಬೂದು ಶೇಡ್‌ಗಳಲ್ಲಿ ಕಂದು ಕಡೆಗೆ ವಾಲುವುದನ್ನು ಆರಿಸಿಕೊಂಡೆವು. 2021ರ ಕೊನೆಯಲ್ಲಿ ಹೊಡೆಸಿದ್ದು, ಇವತ್ತಿಗೂ ಇಷ್ಟ. ಶೇಡ್‌ಗೆ ಐದಕ್ಕೆ ಐದು. ಫಿನಿಶ್‌ಗೆ ಮೂರು. ಅದೇ ಬಣ್ಣವನ್ನು ಹೊರಗೆ ಹೊಡೆಸಿದ್ದಕ್ಕೆ ಮೂರೂವರೆ, ಅದೂ ಪಶ್ಚಿಮದ ಗೋಡೆ ಪಾಪ ಅಂತ ಸ್ವಲ್ಪ ಧಾರಾಳವಾಗಿ. ಕಂಪನಿ ಹೆಸರು ಹಾಕುವುದಿಲ್ಲ. ಇಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಯ ಡಬ್ಬಕ್ಕೂ ಹೊಂದುತ್ತದೆ.

ಮನೆ ಬೆಂಗಳೂರಿನಲ್ಲಿ. ಬಾಗಿಲು ಪಶ್ಚಿಮಕ್ಕೆ, ಹಾಲ್‌ನ ದೊಡ್ಡ ಕಿಟಕಿ ಉತ್ತರಕ್ಕೆ. ಮುಂಬಾಗಿಲು ತೇಗದ್ದು, ಪೋರ್ಟಿಕೋದ ಕೆಳಭಾಗಕ್ಕೆ ಸಾದರಹಳ್ಳಿ ಕಲ್ಲು, ಕಿಟಕಿಗಳು ಯುಪಿವಿಸಿ, ಅವುಗಳ ಬಣ್ಣ ಆರ್‌ಎಎಲ್ 7016, ಅಂದರೆ ನೀಲಿಗೆ ಎಳೆಯುವ ಕಡು ಬೂದು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ ಇವು ಯಾವುವೂ ಸುಲಭಕ್ಕೆ ಬದಲಾಗುವಂಥವಲ್ಲ. ಗೋಡೆಯ ಬಣ್ಣ ಬೇಡವಾದರೆ ಒಂದೆರಡು ದಿನದಲ್ಲಿ ಬೇರೆ ಹೊಡೆಸಬಹುದು. ಕಿಟಕಿ, ಬಾಗಿಲು, ನೆಲ? ಕಿತ್ತು ಹಾಕೋಕೆ ಆಗುತ್ತಾ? ಹಾಗಾಗಿ "ಯಾವ ಡಾರ್ಕ್ ಗ್ರೇ ಚೆನ್ನಾಗಿದೆ" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಪಕ್ಕದಲ್ಲಿ ಏನಿದೆ ಅಂತ.

ಪಿಂಟರೆಸ್ಟ್‌ನಲ್ಲಿ ಈ ಬಣ್ಣಗಳನ್ನು ಹುಡುಕಿದರೆ ಬರುವುದೆಲ್ಲ ಅಮೆರಿಕದ ಹೆಸರುಗಳೇ. ಶರ್ವಿನ್ ವಿಲಿಯಮ್ಸ್‌ನ ಐರನ್ ಓರ್, ಪೆಪ್ಪರ್‌ಕಾರ್ನ್, ಅರ್ಬೇನ್ ಬ್ರಾಂಜ್. ಕೊನೆಯದ್ದು ಅವರ 2021ರ ವರ್ಷದ ಬಣ್ಣ, ಅದಕ್ಕೇ ಆಗ ಎಲ್ಲಿ ನೋಡಿದರೂ ಅದೇ. ಆ ಡಬ್ಬ ನಮ್ಮ ಬೀದಿಯ ಪೇಂಟ್ ಅಂಗಡಿಯಲ್ಲಿ ಸಿಗುವುದಿಲ್ಲ ಬಿಡಿ. ಆದರೆ ಅವರು ಪ್ರತಿ ಶೇಡ್‌ಗೂ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಡುತ್ತಾರೆ, ಅದು ಉಪಯೋಗಕ್ಕೆ ಬಂತು. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನೋ ಲೆಕ್ಕ ಅದು. ಸೊನ್ನೆ ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ಐರನ್ ಓರ್ 6, ಅರ್ಬೇನ್ ಬ್ರಾಂಜ್ 8, ಪೆಪ್ಪರ್‌ಕಾರ್ನ್ 10. ನೋಡಿದಿರಾ, ಮೂರೂ ಒಂದರ ಪಕ್ಕ ಒಂದು. ಹತ್ತಿರದ ಶೇಡ್‌ಗಳಲ್ಲಿ "ಯಾವುದು ಜಾಸ್ತಿ ಕಪ್ಪು" ಅಂತ ತಲೆ ಕೆಡಿಸಿಕೊಂಡು ಪ್ರಯೋಜನವಿಲ್ಲ. ಗೋಡೆ ತುಂಬ ಹೊಡೆದಾಗ ಕಣ್ಣಿಗೆ ಹೊಡೆಯುವುದು ಒಳಗಿರುವ ಛಾಯೆ: ನೀಲಿಯೋ, ಕಂದೋ, ಹಸಿರೋ.

ನಮ್ಮ ಕೈಯಲ್ಲಿದ್ದ ಮೂರು ಶೇಡ್‌ಗಳನ್ನು ಆರ್‌ಎಎಲ್ ಭಾಷೆಯಲ್ಲೇ ಹೇಳುವುದು ಸುಲಭ. ಇದು ಜರ್ಮನಿಯ ಬಣ್ಣದ ಪಟ್ಟಿ, 1927ರಲ್ಲಿ 40 ಬಣ್ಣಗಳಿಂದ ಶುರುವಾದದ್ದು. ಈಗ ಇಲ್ಲಿ ಕಿಟಕಿ ಮಾಡುವವರು, ಗೇಟ್‌ಗೆ ಪೌಡರ್ ಕೋಟಿಂಗ್ ಹಾಕುವವರು ಅದೇ ನಂಬರ್‌ಗಳಲ್ಲಿ ಮಾತಾಡುತ್ತಾರೆ. 7016 ಆಂಥ್ರಸೈಟ್ ಗ್ರೇ, ನೀಲಿಗೆ ಎಳೆಯುತ್ತದೆ. 7021 ಬ್ಲ್ಯಾಕ್ ಗ್ರೇ, ಹೆಚ್ಚುಕಮ್ಮಿ ಕಪ್ಪೇ. 7022 ಅಂಬ್ರಾ ಗ್ರೇ, ಅದರಲ್ಲಿ ಕಂದೂ ಇದೆ, ಚೂರು ಹಸಿರೂ ಇದೆ. ನಮ್ಮ ಮೂರು ಶೇಡ್‌ಗಳು ಸರಿಸುಮಾರು ಈ ಮೂರರ ಜಾತಿಯವು. ಶೇಡ್ ಕಾರ್ಡ್‌ನಲ್ಲಿ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿದಾಗ ಮೂರಕ್ಕೂ ವ್ಯತ್ಯಾಸವೇ ಇಲ್ಲ ಅನ್ನಿಸಿತ್ತು.

ಕಿಟಕಿ 7016 ಇದೆ, ಗೋಡೆಗೂ ಅದೇ ಜಾತಿಯದ್ದು ಹೊಡೆದರೆ ಮ್ಯಾಚ್ ಆಗುತ್ತದೆ ಅಂತ ಎಲ್ಲರೂ ಹೇಳಿದರು. ಅಂಗಡಿಯವರೂ ಅದನ್ನೇ ಹೇಳಿದರು. ನನಗೆ ಇಷ್ಟವಾಗದ ಸಲಹೆ ಇದು. ಕಿಟಕಿಯ ಮೇಲಿರುವುದು ಫ್ಯಾಕ್ಟರಿಯಲ್ಲಿ ಹಾಕಿದ ನುಣುಪಾದ ಲೇಪ, ಗೋಡೆಯ ಮೇಲೆ ಬರುವುದು ಪುಟ್ಟಿ ಮೇಲಿನ ಮ್ಯಾಟ್ ಎಮಲ್ಷನ್. ನಂಬರ್ ಒಂದೇ ಆದರೂ ಬೆಳಕು ಬೀಳುವ ರೀತಿ ಬೇರೆ. ಸ್ಯಾಂಪಲ್ ಹಲಗೆಯನ್ನು ಕಿಟಕಿ ಫ್ರೇಮ್‌ಗೆ ಒತ್ತಿ ಹಿಡಿದಾಗ "ಮ್ಯಾಚ್ ಮಾಡೋಕೆ ಹೋಗಿ ತಪ್ಪಿದ್ದಾರೆ" ಅನ್ನೋ ಥರ ಕಾಣುತ್ತಿತ್ತು. ಕಂದು ಛಾಯೆಯದ್ದು ಹಿಡಿದಾಗ ಆ ಗೊಂದಲವಿಲ್ಲ. ಎರಡೂ ಕಡು, ಆದರೆ ಬೇರೆ ಬೇರೆ. ಬೇಕು ಅಂತಲೇ ಹಾಗೆ ಮಾಡಿದ್ದು ಅಂತ ಗೊತ್ತಾಗುತ್ತದೆ.

ಹಲಗೆ ಅಂದೆನಲ್ಲ, ಅದನ್ನು ಹೇಳುತ್ತೇನೆ. ಗೋಡೆಯ ಮೇಲೆ ನೇರವಾಗಿ ಪಟ್ಟಿ ಎಳೆದು ನೋಡಬೇಡಿ. ಹಳೆಯ ಕ್ರೀಮ್ ಬಣ್ಣದ ನಡುವೆ ಯಾವ ಕಡು ಬಣ್ಣವಾದರೂ ಕಪ್ಪಾಗೇ ಕಾಣುತ್ತದೆ, ಛಾಯೆ ಗೊತ್ತೇ ಆಗುವುದಿಲ್ಲ. ಎರಡಡಿ ಚೌಕದ ಪ್ಲೈ ತುಂಡುಗಳಿಗೆ ಪ್ರೈಮರ್ ಹಾಕಿ ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಒಂದೊಂದನ್ನೇ ಓಡಾಡಿಸಿ. ಒಮ್ಮೆ ಬಾಗಿಲ ಚೌಕಟ್ಟಿನ ಪಕ್ಕ, ಒಮ್ಮೆ ನೆಲಕ್ಕೆ ತಾಗಿಸಿ, ಒಮ್ಮೆ ಮೂಲೆಯಲ್ಲಿ. ಸಂಜೆ ಐದರ ಹೊತ್ತಿಗೆ ತೇಗದ ಚೌಕಟ್ಟಿನ ಪಕ್ಕ ನೀಲಿ ಛಾಯೆಯದ್ದನ್ನು ಇಟ್ಟೆ. ಮರದ ಹೊಂಬಣ್ಣ ಇದ್ದಕ್ಕಿದ್ದಂತೆ ಕಿತ್ತಳೆಯಾಗಿ ಹೊಡೆಯಿತು, ಹಲಗೆ ಮಕ್ಕಳ ಬರೆಯೋ ಸ್ಲೇಟಿನ ಹಾಗೆ ಕಂಡಿತು. ಅದನ್ನು ತೆಗೆದು ಕಂದಿನದ್ದನ್ನು ಇಟ್ಟಾಗ ಮರ ತನ್ನ ಬಣ್ಣಕ್ಕೆ ವಾಪಸ್ ಬಂತು. ನನ್ನ ಹೆಂಡತಿ ಒಂದೇ ಮಾತು ಹೇಳಿದಳು, "ಇದೇ ರೀ, ಇನ್ನು ಯೋಚನೆ ಬೇಡ." ನಾನು ಆಮೇಲೂ ಯೋಚನೆ ಮಾಡಿದೆ, ಅದು ಬೇರೆ ವಿಷಯ.

ಇನ್ನು ಬೆಳಕು. ಇಂಗ್ಲಿಷ್ ವಿಡಿಯೋಗಳಲ್ಲಿ ಒಂದು ಪಾಠ ಹೇಳಿಕೊಡುತ್ತಾರೆ: ಉತ್ತರದ ಕಿಟಕಿಯಿಂದ ಯಾವಾಗಲೂ ತಣ್ಣನೆಯ ನೀಲಿ ಬೆಳಕು ಬರುತ್ತದೆ, ಬಿಸಿಲು ಬರುವುದೇ ಇಲ್ಲ. ಅವರ ಊರಿಗೆ ಅದು ಬಹುಮಟ್ಟಿಗೆ ಸರಿ. ನಮ್ಮ ಊರಿಗೆ ಅಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಶೂನ್ಯ ನೆರಳಿನ ದಿನ ಬರುತ್ತದಲ್ಲ, ಮಧ್ಯಾಹ್ನ ಕಂಬದ ನೆರಳು ಮಾಯವಾಗುವುದು, ಆವತ್ತಿನಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಆದರೆ ಮೇ ತಿಂಗಳ ಬೆಳಗ್ಗೆ ಈಶಾನ್ಯದಿಂದ ಓರೆಯಾಗಿ ಒಳಗೆ ಬರುವ ಬಿಸಿಲನ್ನು ಅದು ಹೇಗೆ ತಡೆಯುತ್ತದೆ? ಅದು ಸೀದಾ ನಮ್ಮ ಕಡು ಗೋಡೆಗೆ ಬೀಳುತ್ತದೆ. ಆಗ ಕಂದು ಎದ್ದು ಕಾಣುತ್ತದೆ. ಡಿಸೆಂಬರ್‌ನಲ್ಲಿ ಅದೇ ಗೋಡೆಗೆ ಬರೀ ಆಕಾಶದ ಬೆಳಕು, ಆಗ ಶುದ್ಧ ಬೂದು. ಒಂದೇ ಬಣ್ಣ, ವರ್ಷಕ್ಕೆ ಎರಡು ಮುಖ. ನನಗಂತೂ ಇದು ಇಷ್ಟವಾಯಿತು. ಬೆಳಗಾವಿ, ಬೀದರ್ ಕಡೆ ಈ ಅವಧಿ ಇನ್ನೂ ಚಿಕ್ಕದು, ಆದರೆ ಇರುವುದಂತೂ ಹೌದು. ನೀಲಿ ಛಾಯೆಯದ್ದು ಬೇಕಾದವರು ಡಿಸೆಂಬರ್‌ನ ಬೆಳಕಿನಲ್ಲಿ ಒಮ್ಮೆ ನೋಡಿಯೇ ತೀರ್ಮಾನ ಮಾಡಿ, ಉತ್ತರದ ಕೋಣೆಯಲ್ಲಿ ಅದು ನಿಜಕ್ಕೂ ತಣ್ಣಗಾಗುತ್ತದೆ.

ಬಲ್ಬ್ ವಿಷಯ ಇನ್ನೂ ಮುಖ್ಯ. ನಮ್ಮ ಮನೆಗಳಲ್ಲಿ ಸುಮ್ನೆ ತಂದು ಹಾಕುವ ಎಲ್‌ಇಡಿ ಟ್ಯೂಬ್ ಬಹುತೇಕ 6500 ಕೆಲ್ವಿನ್, ಅಂದರೆ ಬೆಳ್ಳಗಿನ ಬೆಳಕು. ಆ ಬೆಳಕಿನಲ್ಲಿ ನೀಲಿ ಛಾಯೆ ಇನ್ನೂ ನೀಲಿಯಾಗುತ್ತದೆ, ಕಂದು ಛಾಯೆ ಮಂಕಾಗುತ್ತದೆ. 3000 ಕೆಲ್ವಿನ್‌ನ ವಾರ್ಮ್ ಬಲ್ಬ್ ಹಾಕಿದರೆ ಉಲ್ಟಾ. ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ಶೇಡ್ ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ ಕಾಣಬಹುದು. ಅಂಗಡಿಯಲ್ಲಿ ಮೂರೂ ಒಂದೇ ಅನ್ನಿಸಿದ್ದು ಅದಕ್ಕೂ ಇರಬಹುದು. ನಾವು ಹಾಲ್‌ಗೆ 4000 ಹಾಕಿ, ಟಿವಿ ಗೋಡೆಗೆ ಮಾತ್ರ 3000 ಇಟ್ಟಿದ್ದೇವೆ. ಬಲ್ಬ್ ಮೊದಲು ನಿರ್ಧಾರ ಮಾಡಿ, ಬಣ್ಣ ಆಮೇಲೆ.

ಅಮ್ಮನ ಆಕ್ಷೇಪಣೆ ಇದ್ದೇ ಇತ್ತು. "ಮನೆಗೆ ಯಾರಾದರೂ ಕಪ್ಪು ಹೊಡೆಸ್ತಾರೇನೋ?" ಅಂತ. ಕಪ್ಪಲ್ಲ ಅಮ್ಮ, ಬೂದು ಅಂದರೆ ಒಪ್ಪಲಿಲ್ಲ. ಕೊನೆಗೆ ಒಂದೇ ಗೋಡೆ, ದೇವರ ಮನೆ ಇರುವ ಈಶಾನ್ಯದ ಕಡೆ ಬೇಡವೇ ಬೇಡ ಅಂತ ರಾಜಿಯಾಯಿತು. ಕೋಣೆಗೆ ಅದರಿಂದ ಒಳ್ಳೆಯದೇ ಆಯಿತು. ಎಲ್‌ಆರ್‌ವಿ ಹತ್ತರೊಳಗಿನ ಬಣ್ಣವನ್ನು ನಾಲ್ಕೂ ಗೋಡೆಗೆ ಹೊಡೆದಿದ್ದರೆ ಹಗಲಲ್ಲೂ ಲೈಟ್ ಹಾಕಬೇಕಾಗುತ್ತಿತ್ತು.

ಕೆಲಸ ಮಾಡಿಸುವಾಗ ಎರಡು ಸಂಗತಿ. ಒಂದು, ಪುಟ್ಟಿ. ತಿಳಿ ಬಣ್ಣ ಗೋಡೆಯ ಏರಿಳಿತವನ್ನು ಮುಚ್ಚುತ್ತದೆ, ಕಡು ಬಣ್ಣ ತೋರಿಸಿಕೊಡುತ್ತದೆ. ನಮ್ಮ ಪೇಂಟರ್ ಕೈಯಲ್ಲಿ ಬಲ್ಬ್ ಹಿಡಿದು, ಅದನ್ನು ಗೋಡೆಗೆ ತಾಗುವ ಹಾಗೆ ಇಟ್ಟು, ಓರೆ ಬೆಳಕಿನಲ್ಲಿ ನೆರಳು ಬಿದ್ದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಕೊಂಡು ಮತ್ತೆ ಉಜ್ಜಿದರು. "ಸರ್, ಇದು ಮಾಡದೆ ಹೊಡೆದರೆ ನಾಳೆ ನೀವೇ ನನಗೆ ಫೋನ್ ಮಾಡ್ತೀರಾ" ಅಂದರು. ನಿಮ್ಮ ಪೇಂಟರ್ ಹಾಗೆ ಮಾಡದಿದ್ದರೆ ನೀವೇ ಹೇಳಿ ಮಾಡಿಸಿ. ಬಿಳಿ ಪ್ರೈಮರ್‌ಗೆ ಸ್ವಲ್ಪ ಕಪ್ಪು ಸ್ಟೇನರ್ ಬೆರೆಸಿ ಬೂದು ಮಾಡಿಕೊಂಡಿದ್ದರಿಂದ ಮೇಲಿನ ಕೋಟ್ ತೇಪೆ ತೇಪೆಯಾಗದೆ ಸಮವಾಗಿ ಬಂತು.

ಎರಡು, ಡಬ್ಬ. ಕಡು ಶೇಡ್‌ಗಳನ್ನು ಬಿಳಿ ಪಿಗ್ಮೆಂಟ್ ಕಡಿಮೆ ಇರುವ ಬೇಸ್‌ನಲ್ಲಿ ಮಷೀನ್ ಹಾಕಿ ಮಾಡುತ್ತಾರೆ. ಕಲರಂಟ್ ಜಾಸ್ತಿ ಬೀಳುತ್ತದೆ, ಹಾಗಾಗಿ ರೇಟೂ ಜಾಸ್ತಿ. ನಾವು ತಂದದ್ದು ನಾಲ್ಕು ಲೀಟರ್‌ನ ಒಂದು ಡಬ್ಬ, ಸಾಲದೆ ಇನ್ನೊಂದು ಲೀಟರ್. ಕೋಡ್ ಒಂದೇ, ಅಂಗಡಿ ಒಂದೇ, ಆದರೂ ಎರಡನೆಯದ್ದು ಕೂದಲೆಳೆಯಷ್ಟು ಬೇರೆ. ಬಿಳಿಯಲ್ಲಿ ಗೊತ್ತೇ ಆಗುತ್ತಿರಲಿಲ್ಲ, ಇದರಲ್ಲಿ ಗೊತ್ತಾಯಿತು. ಪೇಂಟರ್ ಉಳಿದದ್ದನ್ನೆಲ್ಲ ಒಂದೇ ಬಕೆಟ್‌ಗೆ ಸುರಿದು ಕಲಸಿ, ಮೂಲೆಯಿಂದ ಮೂಲೆಗೆ ಪೂರ್ತಿ ಒಂದು ಕೋಟ್ ಹೊಡೆದರು. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಒಟ್ಟಿಗೆ ತಂದು, ಶುರು ಮಾಡುವ ಮೊದಲೇ ಎಲ್ಲ ಡಬ್ಬ ಬೆರೆಸಿಬಿಡುವುದು ಕ್ಷೇಮ.

ಈಗ ದಿನನಿತ್ಯದ ಕಥೆ. ಫಿನಿಶ್‌ಗೆ ಯಾಕೆ ಮೂರು ಕೊಟ್ಟೆ ಅಂದರೆ ಮ್ಯಾಟ್. ನೋಡೋಕೆ ತುಂಬಾ ಚೆಂದ, ಬೆಳಕು ಪ್ರತಿಫಲಿಸುವುದಿಲ್ಲ, ಟಿವಿ ನೋಡುವಾಗ ಕಣ್ಣಿಗೆ ಹಿತ. ಆದರೆ ಸ್ವಿಚ್‌ಬೋರ್ಡ್ ಸುತ್ತ ಕೈ ಎಣ್ಣೆ ತಾಗಿ ಒಂದು ಹೊಳಪಿನ ವರ್ತುಲವಾಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೊಳೆ ಹೋಗುತ್ತದೆ, ಉಜ್ಜಿದ ಜಾಗ ಮಿರಿಮಿರಿ ಅನ್ನುತ್ತದೆ. ಜೋರಾಗಿ ಉಜ್ಜಿದಷ್ಟೂ ಹೊಳಪು ಜಾಸ್ತಿ. ಸೋಫಾ ಹಿಂಭಾಗ ತಾಗುವ ಕಡೆಯೂ ಹಾಗೇ. ಸೊಳ್ಳೆ ಹೊಡೆದ ಕಲೆ ಮಾತ್ರ ಕಾಣುವುದೇ ಇಲ್ಲ, ಇದೊಂದು ದೊಡ್ಡ ಲಾಭ. ಹಲ್ಲಿಯದ್ದು ಕಾಣುತ್ತದೆ. ಬಿಳಿ ತುದಿ ಇರುವ ಕಪ್ಪು ಹಿಕ್ಕೆ, ಅದರ ಬಿಳಿ ಕಲೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಮಗಳು ಸೀಮೆಸುಣ್ಣದಲ್ಲಿ ಬರೆದದ್ದು ಬಟ್ಟೆಗೆ ಬಂತು, ಆದರೆ ಮಸುಕಾದ ಗುರುತು ತುಂಬಾ ದಿನ ಇತ್ತು. ಧೂಳು ಸ್ಕರ್ಟಿಂಗ್ ಮೇಲೆ ಬೂದಿಯಾಗಿ ಕೂರುತ್ತದೆ. ವಾರಕ್ಕೊಮ್ಮೆ ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ನೀರು ಬೇಡ, ಅದರಲ್ಲೂ ಬೋರ್‌ವೆಲ್ ನೀರಂತೂ ಬೇಡ, ಒಣಗಿದ ಮೇಲೆ ಬಿಳಿ ಗೆರೆ ಉಳಿಯುತ್ತದೆ.

ಹೊರಗೆ ಪೋರ್ಟಿಕೋ ಮೇಲಿನ ಗೋಡೆಗೂ ಅದೇ ಶೇಡ್ ಹೊಡೆಸಿದ್ದೆವು, ಎಕ್ಸ್‌ಟೀರಿಯರ್ ಎಮಲ್ಷನ್‌ನಲ್ಲಿ. ಸಾದರಹಳ್ಳಿ ಕಲ್ಲಿನ ತಿಳಿ ಬೂದಿನ ಮೇಲೆ ಇದು ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ದಾರಿಯಲ್ಲಿ ಹೋಗುವವರು ನಿಂತು ಶೇಡ್ ಕೇಳಿದ್ದೂ ಇದೆ. ಆದರೆ ಪಶ್ಚಿಮದ ಬಿಸಿಲು. ಮಾರ್ಚ್‌ನಲ್ಲಿ ಸಂಜೆ ನಾಲ್ಕಕ್ಕೆ ಆ ಗೋಡೆಗೆ ಕೈ ಇಟ್ಟು ನೋಡಿ, ಇಡೋಕೇ ಆಗುವುದಿಲ್ಲ. ಈಚೆಗೆ ಹೆಸರಿನ ಫಲಕವನ್ನು ಬೇರೆ ಕಡೆಗೆ ಸರಿಸಿದಾಗ ಅದರ ಹಿಂದೆ ಮೂಲ ಬಣ್ಣ ಹಾಗೇ ಇತ್ತು, ಸುತ್ತಲೂ ಒಂದು ಹಂತ ತಿಳಿಯಾಗಿತ್ತು. ಬೆರಳಲ್ಲಿ ಸವರಿದರೆ ತೆಳ್ಳಗೆ ಪುಡಿ ಬರುತ್ತದೆ. ಆದರೂ ಛಾಯೆ ಬದಲಾಗಿಲ್ಲ, ಮಂಕಾಗಿದೆ ಅಷ್ಟೇ. ಕಪ್ಪು ಮತ್ತು ಕಂದಿಗೆ ಹಾಕುವ ಕಾರ್ಬನ್, ಐರನ್ ಆಕ್ಸೈಡ್ ಪಿಗ್ಮೆಂಟ್‌ಗಳು ಬಿಸಿಲಿಗೆ ಚೆನ್ನಾಗಿ ತಡೆದುಕೊಳ್ಳುತ್ತವೆ. ಸಜ್ಜಾದ ಕೆಳಗೆ ಒಂದು ಕಡೆ ಉಪ್ಪು ಬಂದಿದೆ, ಗೋಡೆಯೊಳಗಿನ ತೇವ ಹೊರಗೆ ತಳ್ಳಿದ ಬಿಳಿ ಪುಡಿ. ತಿಳಿ ಬಣ್ಣದ ಮನೆಗಳಲ್ಲೂ ಬರುತ್ತದೆ, ಅಲ್ಲಿ ಯಾರೂ ನೋಡುವುದಿಲ್ಲ. ಇಲ್ಲಿ ಗೇಟಿನಿಂದಲೇ ಕಾಣುತ್ತದೆ. ಹೊಸ ಗೋಡೆಯಾದರೆ ಪ್ಲಾಸ್ಟರ್ ಪೂರ್ತಿ ಒಣಗುವ ತನಕ ಕಡು ಬಣ್ಣದ ಯೋಚನೆಯೇ ಬೇಡ, ಮಳೆ ನೀರು ಇಳಿಯುವ ಜಾಗವನ್ನು ಮೊದಲು ಸರಿಮಾಡಿಸಿ.

ಯಾರಿಗೆ ಯಾವುದು ಅಂತ ಕೇಳಿದರೆ ನನ್ನ ಲೆಕ್ಕ ಹೀಗಿದೆ. ತೇಗ, ಹೊನ್ನೆ, ರೆಡ್ ಆಕ್ಸೈಡ್ ನೆಲ ಇರುವ ಮನೆಗೆ ಕಂದು ಛಾಯೆಯದ್ದು. ಬಿಳಿ ವಿಟ್ರಿಫೈಡ್ ಟೈಲ್ಸ್, ಸ್ಟೀಲ್, ಗಾಜು ಇದ್ದರೆ ನೀಲಿ ಛಾಯೆಯದ್ದು ಧೈರ್ಯವಾಗಿ ಹೊಡೆಸಿ, ಅಲ್ಲಿ ಅದು ನಿಜಕ್ಕೂ ಚೆನ್ನಾಗಿರುತ್ತದೆ. ಹೆಚ್ಚುಕಮ್ಮಿ ಕಪ್ಪಿರುವುದನ್ನು ಗ್ರಿಲ್‌ಗೋ ಗೇಟಿಗೋ ಇಟ್ಟುಕೊಳ್ಳಿ, ಗೋಡೆಗೆ ಹೊಡೆದರೆ ಛಾಯೆಯೇ ಕಾಣದೆ ಸಪ್ಪೆಯಾಗುತ್ತದೆ. ನಮ್ಮ ಮೆಟ್ಟಿಲ ಪಕ್ಕದ ಗೋಡೆಗೆ ಈ ವರ್ಷ ಅದೇ ಕಂದು ಶೇಡ್ ಹೊಡೆಸುತ್ತಿದ್ದೇವೆ. ಅಲ್ಲಿ ಎಲ್ಲರೂ ಕೈ ಊರಿಕೊಂಡೇ ಹತ್ತುವುದು, ಅದಕ್ಕೆ ಈ ಸಲ ಮ್ಯಾಟ್ ಅಲ್ಲ, ಸ್ವಲ್ಪ ಹೊಳಪಿರುವ ಸ್ಯಾಟಿನ್. ಪುಟ್ಟಿ ಉಜ್ಜೋಕೆ ಒಂದು ದಿನ ಜಾಸ್ತಿ ಬೇಕು ಅಂತ ಪೇಂಟರ್ ಈಗಲೇ ಹೇಳಿದ್ದಾರೆ.