ಬಳ್ಳಾರಿ ಲ್ಯಾಬಿಗೆ ಈ ಜಿಎಂ (ಗೈಗರ್-ಮುಲ್ಲರ್, ವಿಕಿರಣ ಎಣಿಸುವ) ಕೌಂಟರ್ ಕಿಟ್ ಸಾಕೇ?

ಬೀಟಾ, ಅಂದರೆ ಪರಮಾಣು ಬೀಜದಿಂದ ಚಿಮ್ಮುವ ಎಲೆಕ್ಟ್ರಾನ್‌ಗಳ, ಎಣಿಕೆಗೆ ಧಾರಾಳವಾಗಿ ಸಾಕು. ಟ್ಯೂಬಿನ ಅಭ್ರಕದ ಕಿಟಕಿ ತೆಳ್ಳಗಿದೆ, ಸ್ಟ್ರಾನ್ಷಿಯಂ-90ರ ಗರಿಷ್ಠ 0.546 ಎಂಇವಿ (ಶಕ್ತಿಯ ಅಳತೆ) ಬೀಟಾ ಸಲೀಸಾಗಿ ಒಳಹೋಗುತ್ತದೆ. ಆ ಕಿಟಕಿಗೆ ಬೆರಳು ಒತ್ತಿದರೆ ಮಾತ್ರ ಟ್ಯೂಬ್ ಹೋದಂತೆಯೇ. ವೋಲ್ಟೇಜನ್ನು 30 ವೋಲ್ಟಿನಂತೆ ಏರಿಸಿ, ಎಣಿಕೆ ಸಮತಟ್ಟಾದ ಭಾಗದ ಮಧ್ಯಕ್ಕೆ ನಿಲ್ಲಿಸಿ. ನಮ್ಮೂರಿನ ಕೆಂಪು ಧೂಳು ಹೈವೋಲ್ಟೇಜ್ ಕನೆಕ್ಟರಿಗೆ ಕೂತು ತೇವ ಹಿಡಿದರೆ ಕರೆಂಟ್ ಸೋರಿ ಸುಳ್ಳು ಎಣಿಕೆ ಬರುತ್ತದೆ. ಸ್ವಿಚ್ ಆರಿಸಿ, ಚಾರ್ಜ್ ಇಳಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ.

ಆದರೆ 'ಬೀಟಾ ಕ್ಷಯದ ಸಂಪೂರ್ಣ ಅಧ್ಯಯನ' ಇದರಲ್ಲಿ ಸಾಧ್ಯ ಎಂಬ ಕಿಟ್ ಕೈಪಿಡಿಯ ಮಾತನ್ನು ಒಪ್ಪಲಾಗದು. ಕ್ಷಯದ ನಂತರ ಉಳಿಯುವ ಅಯಾನಿನ (ವಿದ್ಯುದಾವೇಶವುಳ್ಳ ಪರಮಾಣುವಿನ) ಚಾರ್ಜ್ ಇದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ನಿರ್ವಾತ, ಪರಮಾಣುಗಳನ್ನು ಹಿಡಿದಿಡುವ ಲೇಸರ್ ಬಲೆ, ಬಡಿದ ಅಯಾನನ್ನು ಪತ್ತೆಹಚ್ಚುವ ಮೈಕ್ರೋಚಾನಲ್ ಪ್ಲೇಟ್ ಬೇಕು. ಉದಾಹರಣೆಗೆ, ಹೀಲಿಯಂ-6 ಬೀಟಾ ಹೊರಹಾಕಿ ಲಿಥಿಯಂ-6 ಆದಾಗ ಬೀಟಾ ಸಿಗ್ನಲ್ ಗಡಿಯಾರ ಶುರುಮಾಡುತ್ತದೆ, ಅಯಾನು ಪ್ಲೇಟಿಗೆ ಬಡಿದಾಗ ಅದು ನಿಲ್ಲುತ್ತದೆ. ಬಲವಾದ ವಿದ್ಯುತ್ ಕ್ಷೇತ್ರದಲ್ಲಿ 2+ ಚಾರ್ಜಿನ ಅಯಾನು 1+ ಚಾರ್ಜಿನದಕ್ಕಿಂತ ಬೇಗ, ಸುಮಾರು 0.71 ಪಟ್ಟು ಸಮಯದಲ್ಲೇ ತಲುಪುತ್ತದೆ. ಚಾರ್ಜ್ ಗುರುತಿಸುವುದು ಹಾಗೆ.